‘ಹುಬ್ಬಳ್ಳಿಗೆ ಒಯ್ರಿ’

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ. ಈ ನಾಲ್ಕು ತಾಲೂಕುಗಳಲ್ಲಿ ಬಡವರಿಗೆ ಹೆಚ್ಚಾಗಿ ಸಿಗುವ ಔಷಧ ಯಾವುದು ಗೊತ್ತೆ? ಅದು ಗುಳಿಗೆಯಲ್ಲ, ಇಂಜೆಕ್ಷನ್ನಲ್ಲ, ಸಲಾಯಿನ್ ಬಾಟಲಿಯೂ ಅಲ್ಲ. ಅದು ಒಂದು ಮಾತು: ‘ಹುಬ್ಬಳ್ಳಿಗೆ ಒಯ್ರಿ.’ ಹೆರಿಗೆ ಕಷ್ಟವಾದರೆ ಹುಬ್ಬಳ್ಳಿಗೆ ಒಯ್ರಿ. ಎದೆ ಹಿಡಕೊಂಡರೆ ಹುಬ್ಬಳ್ಳಿಗೆ ಒಯ್ರಿ. ಮರದಿಂದ ಬಿದ್ದು ಸೊಂಟ ಮುರಿದರೆ ಹುಬ್ಬಳ್ಳಿಗೆ ಒಯ್ರಿ. ಹೇಗೆ ಒಯ್ಯುವುದು, ಯಾವುದರಲ್ಲಿ ಒಯ್ಯುವುದು, ಒಯ್ದು ಎಲ್ಲಿ ಇರುವುದು, ಏನು ಉಣ್ಣುವುದು, ಇದನ್ನು ಯಾರೂ ಹೇಳುವುದಿಲ್ಲ.

ಈ ಮಾತನ್ನು ನಾನು ಮೊದಲು ಕೇಳಿದ್ದು ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಾಗ. ರಜೆಗೆ ಮನೆಗೆ ಹೋಗಿದ್ದೆ. ಅಕ್ಕನಿಗೆ ಚೊಚ್ಚಲ ಹೆರಿಗೆ. ರಾತ್ರಿ ನೋವು ಸುರುವಾಯಿತು. ಅವ್ವ ಮೊದಲು ಹೋಗಿ ತಾಯಿತ ಕಟ್ಟಿಸಿಕೊಂಡು ಬಂದಳು. ಕಾಲೇಜು ಮೆಟ್ಟಿಲು ಹತ್ತಿದ ಸೊಕ್ಕಿನಲ್ಲಿ ನಾನು ಅವಳನ್ನು ಬೈದೆ. ಇವತ್ತು ಬೈಯಲಾರೆ. ತಾಯಿತ ಕಟ್ಟುವವನ ಮನೆ ನಮ್ಮ ಓಣಿಯಿಂದ ಎರಡು ಫರ್ಲಾಂಗು. ಅವನು ನಡುರಾತ್ರಿ ಎದ್ದು ಬಾಗಿಲು ತೆಗೆಯುತ್ತಾನೆ. ಹಣೆ ಮುಟ್ಟಿ ನೋಡುತ್ತಾನೆ. ಮೂಢನಂಬಿಕೆ ಅಂತ ಭಾಷಣ ಮಾಡುವ ನಾವು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಳಗಿನ ಜಾವ ಅಕ್ಕನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋದೆವು. ಯಾವ ದವಾಖಾನೆ, ಯಾವ ಊರಿನದು ಅನ್ನುವುದು ಬೇಡ. ನಿಮ್ಮ ಊರಿನದೇ ಅಂದುಕೊಳ್ಳಿ. ಬಾಗಿಲಲ್ಲಿ ನಿಂತಿದ್ದ ನರ್ಸಬಾಯಿ ‘ಎಷ್ಟು ಹೊತ್ತಿನಿಂದ ನೋವು?’ ಅಂತ ಕೇಳಲಿಲ್ಲ. ‘ಯಾವ ಓಣ್ಯಾವ್ರು?’ ಅಂತ ಕೇಳಿದಳು. ಅವ್ವ ಓಣಿಯ ಹೆಸರು ಹೇಳಿದಳು. ನಮ್ಮ ಓಣಿಯ ಹೆಸರು ಹೇಳಿದ ಮೇಲೆ ಜಾತಿ ಬೇರೆ ಹೇಳುವ ಜರೂರು ಬೀಳುವುದಿಲ್ಲ. ‘ಅಲ್ಲೇ ಬಾಕಿನ ಮ್ಯಾಲೆ ಕುಂದ್ರಸ್ರಿ’ ಅಂದಳು. ಬಿಸಿಲೇರಿದ ಮೇಲೆ ಡಾಕ್ಟರು ಬಂದರು. ‘ರಕ್ತ ಭಾಳ ಕಡಿಮಿ ಐತಿ. ಆಪರೇಶನ್ ಬೇಕು. ಇಲ್ಲಿ ಆಗೂದಿಲ್ಲ. ಹುಬ್ಬಳ್ಳಿಗೆ ಒಯ್ರಿ’ ಅಂದು ಒಂದು ಚೀಟಿ ಬರೆದುಕೊಟ್ಟರು.

ಆ ಡಾಕ್ಟರು ಕೆಟ್ಟವರಲ್ಲ. ಅವರ ಹತ್ತಿರ ರಕ್ತ ಇರಲಿಲ್ಲ, ಅರವಳಿಕೆ ಕೊಡುವವರು ಇರಲಿಲ್ಲ. 108 ಗಾಡಿ ಆಗ ಇರಲಿಲ್ಲ. ಕರ್ನಾಟಕಕ್ಕೆ ಅದು ಬಂದದ್ದು 2008ರ ನವೆಂಬರಿನಲ್ಲಿ. ಅವ್ವನ ಕಿವಿಯ ಬೆಂಡೋಲೆ ಅಡವಿಟ್ಟು ಜೀಪು ಮಾಡಿದೆವು. ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ. ಆ ಚೀಟಿ ಇವತ್ತಿಗೂ ಅವ್ವನ ಟ್ರಂಕಿನಲ್ಲಿದೆ. ಅದರಲ್ಲಿ ಒಂದೇ ಸಾಲು. ಎಲ್ಲಿಗೆ ಕಳಿಸಿದರು ಅಂತ ಬರೆದಿದೆ. ಏನು ಇಲ್ಲದ್ದಕ್ಕೆ ಕಳಿಸಿದರು ಅಂತ ಬರೆದಿಲ್ಲ.

ಗೆಳೆಯರೆ, ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಕಾಠಿಯಾವಾಡದ ಒಂದು ಪ್ರಸಂಗ ಹೇಳಿದ್ದಾರೆ. 1929ರ ಡಿಸೆಂಬರಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾದ ಪತ್ರ ಅದು. ಬರೆದವನು ಅಸ್ಪೃಶ್ಯ ಜಾತಿಯ ಒಬ್ಬ ಶಾಲಾ ಮಾಸ್ತರ. ಅವನ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ. ಎರಡು ರೂಪಾಯಿ ಫೀಜಿಗೆ ಊರ ಸಾಹುಕಾರ ಜಾಮೀನು ನಿಂತ ಮೇಲೆ ಕೇರಿಯ ಹೊರಗೆ ಬಂದು ನಿಂತ. ಹಸಿ ಬಾಣಂತಿಯನ್ನು ಕೂಸಿನ ಸಮೇತ ಹೊರಗೆ ತಂದರು. ಥರ್ಮಾಮೀಟರು ಡಾಕ್ಟರ ಕೈಯಿಂದ ಒಬ್ಬ ಮುಸಲ್ಮಾನನ ಕೈಗೆ, ಅವನಿಂದ ಗಂಡನ ಕೈಗೆ, ಗಂಡನಿಂದ ಹೆಂಡತಿಗೆ ಬಂತು. ಅದೇ ದಾರಿಯಲ್ಲಿ ವಾಪಸು ಹೋಯಿತು. ನ್ಯುಮೋನಿಯಾ ಅಂತ ಹೇಳಿ ಡಾಕ್ಟರು ಹೋದ. ಮತ್ತೆ ಬಂದು ನೋಡಲಿಲ್ಲ. ಆ ಹೆಣ್ಣುಮಗಳು ಸತ್ತಳು.

ಅಂದು ಡಾಕ್ಟರು ಕೇರಿಯಿಂದ ನಾಲ್ಕು ಮಾರು ದೂರ ನಿಂತ. ಇಂದು ದವಾಖಾನೆಯೇ ದೂರ ನಿಂತಿದೆ. ದಾಂಡೇಲಿಯಿಂದ ಹುಬ್ಬಳ್ಳಿ ಸುಮಾರು 75 ಕಿಲೋಮೀಟರು. ಮುಂಡಗೋಡದಿಂದ ಸುಮಾರು 50. ಮೈಲಿಗೆ ಅನ್ನುವ ಶಬ್ದವನ್ನು ಈಗ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ‘ಸೌಲಭ್ಯ ಇಲ್ಲ’ ಅನ್ನುತ್ತಾರೆ. ಮುಟ್ಟದೆ ಕಳಿಸುವ ಕೆಲಸ ಮಾತ್ರ ನಡೆದೇ ಇದೆ.

‘ದೂರ ಎಲ್ಲಾ ಜಾತಿಯವರಿಗೂ ಅಷ್ಟೇ ದೂರ ಅಲ್ಲೇನು?’ ಅಂತ ಕೇಳುವವರಿದ್ದಾರೆ. ಅಲ್ಲ. ಅಂಗಳದಲ್ಲಿ ಕಾರು ಇದ್ದವನಿಗೆ ಹುಬ್ಬಳ್ಳಿ ಒಂದೂವರೆ ತಾಸು. ಅಲ್ಲಿ ಅವನ ಬೀಗರ ಮನೆ ಇರುತ್ತದೆ, ಡಾಕ್ಟರಲ್ಲಿ ಒಬ್ಬ ಗುರ್ತಿನವನು ಇರುತ್ತಾನೆ. ಕೂಲಿಯವನಿಗೆ ಹುಬ್ಬಳ್ಳಿ ಅಂದರೆ ಮೂರು ದಿನದ ಪಗಾರ, ಒಂದು ಬೆಂಡೋಲೆ, ದವಾಖಾನೆಯ ವರಾಂಡದಲ್ಲಿ ನಿದ್ದೆ. ರಸ್ತೆಯ ಕಲ್ಲಿನ ಮೇಲೆ ಬರೆದ ಅಂಕಿ ಎಲ್ಲರಿಗೂ ಒಂದೇ. ದಾರಿ ಒಂದೇ ಅಲ್ಲ.

ಇನ್ನು ಜೊಯಿಡಾದ ಲೆಕ್ಕ ನೋಡಿ. 1946ರಲ್ಲಿ ಭೋರ್ ಸಮಿತಿ 40 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಸುರು ಮಾಡಿರಿ ಅಂದಿತು. ಈಗಿನ ನಿಯಮ ಬಯಲುಸೀಮೆಗೆ 30 ಸಾವಿರಕ್ಕೆ ಒಂದು, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶಕ್ಕೆ 20 ಸಾವಿರಕ್ಕೆ ಒಂದು. ಉಪಕೇಂದ್ರ 3 ಸಾವಿರಕ್ಕೆ ಒಂದು. 2011ರ ಜನಗಣತಿಯಲ್ಲಿ ಜೊಯಿಡಾ ತಾಲೂಕಿನ ಜನಸಂಖ್ಯೆ ಸುಮಾರು 50 ಸಾವಿರ. ವಿಸ್ತೀರ್ಣ 1,800 ಚದರ ಕಿಲೋಮೀಟರಿಗಿಂತ ಹೆಚ್ಚು. ಅಂದರೆ ನಿಯಮದ ಪ್ರಕಾರ ಎರಡೂವರೆ ಕೇಂದ್ರ ಸಾಕು. ಒಂದೊಂದು ಕೇಂದ್ರದ ಪಾಲಿಗೆ 700 ಚದರ ಕಿಲೋಮೀಟರು ಬರುತ್ತದೆ, ಹೆಚ್ಚುಕಡಿಮೆ ಇಡೀ ಬೆಂಗಳೂರು ನಗರದಷ್ಟು ಕಾಡು, ಘಟ್ಟ, ಹಳ್ಳ. ಒಬ್ಬ ನರ್ಸಕ್ಕನ ಪಾಲಿಗೆ 100 ಚದರ ಕಿಲೋಮೀಟರು. ಇದಕ್ಕಿಂತ ಒಂದೆರಡು ಕೇಂದ್ರ ಹೆಚ್ಚು ಕೊಟ್ಟರೆ ‘ನಿಯಮಕ್ಕಿಂತ ಜಾಸ್ತಿ ಕೊಟ್ಟೇವಿ’ ಅಂತ ಎದೆ ತಟ್ಟಿಕೊಳ್ಳುವುದು ಬೇರೆ. ಈ ಲೆಕ್ಕ ತಲೆ ಎಣಿಸುತ್ತದೆ, ದಾರಿ ಎಣಿಸುವುದಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಕಂಬಳಿಯ ಜೋಲಿಯಲ್ಲಿ ರೋಗಿಯನ್ನು ಹೊತ್ತು ತರುವ ಕುಣಬಿ, ಗೌಳಿ, ಸಿದ್ದಿ ಜನರ ಹೆಗಲು ಯಾವ ನಿಯಮದಲ್ಲೂ ಇಲ್ಲ.

ಈ ನಾಡು ಯಾಕೆ ಹೀಗಿದೆ? ಇಲ್ಲಿ ಏನೂ ಇಲ್ಲ ಅಂತಲ್ಲ. ಎಲ್ಲಾ ಇದೆ, ಎಲ್ಲಾ ಹೊರಗೆ ಹೋಗುತ್ತದೆ. ಕಾಳಿ ನದಿಗೆ 101 ಮೀಟರು ಎತ್ತರದ ಅಣೆಕಟ್ಟು ಕಟ್ಟಿದರು. ಸೂಪಾ ಊರು ಮುಳುಗಿತು. ತಾಲೂಕಿನ ಕಚೇರಿ ಜೊಯಿಡಾಕ್ಕೆ ಬಂತು, ಜನ ರಾಮನಗರಕ್ಕೆ ಹೋದರು. ಕರೆಂಟು ನಾಡಿಗೆಲ್ಲ ಹೋಯಿತು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಗಿರಣಿ ಬಂತು. ಕಾಡಿನ ಬಿದಿರು ಕಾಗದವಾಯಿತು. ಅಕ್ಕನಿಗೆ ಬರೆದುಕೊಟ್ಟ ಚೀಟಿಯ ಕಾಗದವೂ ನಮ್ಮ ಬಿದಿರಿನದೇ ಇದ್ದೀತು. 2007ರಲ್ಲಿ ಹುಲಿಗೆ ಮೀಸಲು ಪ್ರದೇಶ ಆಯಿತು. ಹುಲಿಯ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಕಾಡಿನೊಳಗಿನ ವಾಡೆಗೆ ರಸ್ತೆ ಕೇಳಿದಾಗ ಕಾಯಿದೆ ತೋರಿಸುವವರು, ಅದೇ ಕಾಡಿನ ಅಂಚಿನಲ್ಲಿ ರಿಸಾರ್ಟುಗಳಿಗೆ ದಾರಿ ಹೇಗಾಯಿತು ಅಂತ ಹೇಳಬೇಕು.

ಕಾರವಾರದಲ್ಲಿ 2016ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಸುರುವಾಯಿತು. ಒಳ್ಳೆಯದು. ಆದರೆ ದಾಂಡೇಲಿಯಿಂದ ಅಲ್ಲಿಗೆ ಹೋಗಬೇಕಾದರೆ ಅಣಶಿ ಘಟ್ಟ ಇಳಿಯಬೇಕು, ನೂರು ಕಿಲೋಮೀಟರು ದಾಟಬೇಕು. ಗಡಿಯ ಕಡೆಯ ಜನ ಗೋವಾಕ್ಕೆ ಹೋಗುತ್ತಿದ್ದರು. 2018ರ ಜನವರಿಯಿಂದ ಗೋವಾ ಸರಕಾರ ಹೊರಗಿನ ರಾಜ್ಯದವರಿಗೆ ಶುಲ್ಕ ಹಚ್ಚಿತು. ನಮ್ಮ ಸರಕಾರ ನಮ್ಮನ್ನು ಹೊರಗೆ ಕಳಿಸುತ್ತದೆ, ಹೊರಗಿನ ಸರಕಾರ ‘ನೀವು ನಮ್ಮವರಲ್ಲ’ ಅನ್ನುತ್ತದೆ. ಹಾಗಾದರೆ ನಾವು ಯಾರವರು?

2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಜಿಲ್ಲೆ ಎದ್ದಿತು. ‘ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ’ ಅನ್ನುವ ಕೂಗು ಎದ್ದಿತು. ಅದು ನ್ಯಾಯದ ಕೂಗು, ನಮ್ಮ ಬೆಂಬಲ ಅದಕ್ಕಿದೆ. ಆದರೆ ಒಂದು ಮಾತು. ದೊಡ್ಡ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕರಾವಳಿಯಲ್ಲಿ ಎದ್ದರೆ ಜೊಯಿಡಾದ ಗರ್ಭಿಣಿಗೆ ಅದೂ ಇನ್ನೊಂದು ಹುಬ್ಬಳ್ಳಿಯೇ. ಅವಳಿಗೆ ಮೊದಲು ಬೇಕಾದದ್ದು ಗಾಜಿನ ಕಟ್ಟಡವಲ್ಲ. ತಾಲೂಕು ದವಾಖಾನೆಯಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಿರುವ ಒಬ್ಬ ಡಾಕ್ಟರು, ಒಬ್ಬ ಅರವಳಿಕೆಯವರು, ಎರಡು ಬಾಟಲಿ ರಕ್ತ.

ಕಾರ್ಡು ಇದೆಯಲ್ಲ ಅನ್ನುತ್ತಾರೆ. 2018ರಿಂದ ಬಂದ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಕಾರ್ಡು ಬೇಡ ಅನ್ನುವ ಮೂರ್ಖರು ನಾವಲ್ಲ, ಅದರಿಂದ ಜೀವ ಉಳಿದಿವೆ. ಆದರೆ ತಪ್ಪಿದ ಕೂಲಿಗೆ ಕಾರ್ಡು ಇಲ್ಲ. ಜೊತೆಗೆ ಹೋದವನ ಊಟಕ್ಕೆ ಕಾರ್ಡು ಇಲ್ಲ. ಆಪರೇಶನ್ನಿಗೆ ಐದು ಲಕ್ಷ ಕೊಡುವ ಸರಕಾರ, ಆಪರೇಶನ್ನಿನ ತನಕ ಹೋಗದಂತೆ ತಡೆಯುವ ನರ್ಸಿನ ಹುದ್ದೆಯನ್ನು ಖಾಲಿ ಬಿಟ್ಟರೆ ಆ ಹಣ ಯಾರ ಕಿಸೆಗೆ ಹೋಗುತ್ತದೆ, ನೀವೇ ಯೋಚಿಸಿ.

ದವಾಖಾನೆಗಳಲ್ಲಿ ನಮ್ಮವರು ಇಲ್ಲ ಅಂತಲ್ಲ. ಇದ್ದಾರೆ. ಕೈಯಲ್ಲಿ ಪೊರಕೆ ಹಿಡಿದು ಇದ್ದಾರೆ. ರಕ್ತ, ಕೀವು, ಹೆರಿಗೆಯ ಬಟ್ಟೆ ತೆಗೆಯುವವರು ಯಾರು ಅಂತ ಒಮ್ಮೆ ನೋಡಿ ಬನ್ನಿ. ಎಷ್ಟೋ ಮಂದಿ ಗುತ್ತಿಗೆಯ ಮೇಲೆ. ಬಾಬಾಸಾಹೇಬರು 1942ರಿಂದ 46ರ ವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಆ ಕಾಲದಲ್ಲೇ, 1944ರಲ್ಲಿ, ಅಡಾರ್ಕರ್ ವರದಿ ಬಂತು. ಅದರಿಂದ 1948ರ ಇ.ಎಸ್.ಐ. ಕಾಯಿದೆ ಹುಟ್ಟಿತು. ಪಗಾರದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಕೆಲಸಗಾರನದು, ಮೂರೂಕಾಲು ರೂಪಾಯಿ ಮಾಲಕನದು. ಗುತ್ತಿಗೆಯವರಿಗೂ ಇದು ಅನ್ವಯ. ನಿಮ್ಮ ಅವ್ವ, ಅಪ್ಪ, ಅಣ್ಣ ಗುತ್ತಿಗೆ ಕೆಲಸದಲ್ಲಿದ್ದರೆ ಇವತ್ತು ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಇ.ಎಸ್.ಐ. ನಂಬರ ಎಷ್ಟು?’

ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು. ಅವರು ತಮ್ಮ ಕ್ಯಾಂಪಿನಲ್ಲಿ ದವಾಖಾನೆ ಮಾಡಿಕೊಂಡರು, ಮುದುಕರಿಗೆ ಆಶ್ರಮ ಮಾಡಿಕೊಂಡರು. ಅವರಿಗೆ ಹೊರಗಿನ ನೆರವು ಇತ್ತು, ನಿಜ. ನಮಗೆ ಹೊಟ್ಟೆಕಿಚ್ಚಿಲ್ಲ. ಅದೇ ಮಣ್ಣಿನಲ್ಲಿ ದವಾಖಾನೆ ನಿಲ್ಲುತ್ತದೆ ಅಂತ ಅವರು ತೋರಿಸಿದರು. ಪಕ್ಕದ ಸಿದ್ದಿ ಜನ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲಿಕ್ಕೇ 2003ರ ವರೆಗೆ ಕಾಯಬೇಕಾಯಿತು.

ಈಗ ನಮ್ಮ ಕಡೆಗೂ ಬೆರಳು ತಿರುಗಿಸೋಣ. ಮೀಸಲಾತಿಯಲ್ಲಿ ಡಾಕ್ಟರಾದ ನಮ್ಮ ಹುಡುಗ ಎಲ್ಲಿದ್ದಾನೆ? ಬೆಂಗಳೂರಿನಲ್ಲಿ. ಜಾತಿ ಕೇಳುವವರಿಂದ ತಪ್ಪಿಸಿಕೊಂಡು ಹೋದ, ಅದು ಅರ್ಥವಾಗುತ್ತದೆ. ಆದರೆ ಅವನೂ ಬರದಿದ್ದರೆ ಓಣಿಯ ಹೆಸರು ಕೇಳದೆ ನಾಡಿ ಹಿಡಿಯುವವರು ಯಾರು? ಹಾಸ್ಟೆಲಿನಲ್ಲಿ ತುರಿಕಜ್ಜಿ ಬಂದರೆ ‘ಹಾಸ್ಟೆಲಂದ್ರ ಹಿಂಗ’ ಅಂತ ನಗುತ್ತೇವೆ. ನೀರಿನ ಟಾಕಿ ತೊಳೆದು ಎಷ್ಟು ತಿಂಗಳಾಯಿತು ಅಂತ ವಾರ್ಡನ್ನರನ್ನು ಕೇಳುವುದಿಲ್ಲ. ರಾಜಕೀಯ ಅಲ್ಲಿಂದಲೇ ಸುರುವಾಗಬೇಕು.

ಆದ್ದರಿಂದ ಗೆಳೆಯರೆ, ಒಂದು ಕೆಲಸ. ಒಂದೊಂದು ಹಾಸ್ಟೆಲಿನಲ್ಲಿ ಒಂದೊಂದು ನೋಟುಬುಕ್ಕು ಇಡಿ. ನಿಮ್ಮ ಊರಿನಿಂದ, ಓಣಿಯಿಂದ, ವಾಡೆಯಿಂದ ಹೊರಗೆ ಕಳಿಸಿದ ಪ್ರತಿಯೊಬ್ಬ ರೋಗಿಯ ಲೆಕ್ಕ ಬರೆಯಿರಿ. ತಾರೀಖು, ಹೊತ್ತು, ಎಲ್ಲಿಂದ ಎಲ್ಲಿಗೆ, ಏನು ಇಲ್ಲದ್ದಕ್ಕೆ, ಎಷ್ಟು ತಾಸು, ಎಷ್ಟು ಖರ್ಚು, ಉಳಿದರೋ ಇಲ್ಲವೋ. ಹೆಸರು ಬರೆಯಬೇಡಿ, ಅದು ಅವರ ಮಾನದ ಪ್ರಶ್ನೆ. ಚೀಟಿ ಬರೆದುಕೊಡುವ ಡಾಕ್ಟರಿಗೆ ನಮಸ್ಕಾರ ಮಾಡಿ ಕೇಳಿ: ‘ಸಾಹೇಬ್ರ, ಇಲ್ಲಿ ಏನಿಲ್ಲ ಅಂತ ಇದರಾಗ ಬರೀರಿ.’ ರಕ್ತವಿಲ್ಲ ಅಂತ ಬರೆಯಲಿ. ಡಾಕ್ಟರಿಲ್ಲ ಅಂತ ಬರೆಯಲಿ. ಒಳ್ಳೆಯ ಡಾಕ್ಟರು ಬರೆಯುತ್ತಾರೆ, ಯಾಕೆಂದರೆ ಆ ಕೊರತೆ ಅವರದೂ ಹೌದು. ಬರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಎಷ್ಟು ಹುದ್ದೆ ಖಾಲಿ ಅಂತ ಕೇಳಿ.

1992ರಲ್ಲಿ ಬಂಗಾಳದ ಒಬ್ಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ‘ಇಲ್ಲಿ ಆಗುವುದಿಲ್ಲ’ ಅಂದವು. ಅವನ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟು ಹೇಳಿತು: ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಅನ್ನುವ ನೆಪ ಸರಕಾರಕ್ಕೆ ಇಲ್ಲ. 25 ಸಾವಿರ ಪರಿಹಾರವನ್ನೂ ಕೊಡಿಸಿತು. ಅವನು ಒಬ್ಬನೇ ಇದ್ದಿದ್ದರೆ ಅದು ಹಣೆಬರಹ ಆಗುತ್ತಿತ್ತು. ಸಂಘ ಇತ್ತು, ಹಕ್ಕು ಆಯಿತು.

ಒಂದು ವರ್ಷ ನೋಟುಬುಕ್ಕು ತುಂಬಲಿ. ಆಮೇಲೆ ನಾಲ್ಕು ತಾಲೂಕಿನ ನೋಟುಬುಕ್ಕುಗಳನ್ನು ಒಟ್ಟಿಗೆ ಹಿಡಿದು ಗ್ರಾಮಸಭೆಗೆ, ತಹಶೀಲ್ದಾರರ ಕಚೇರಿಗೆ, ಆಮೇಲೆ ಕಾರವಾರಕ್ಕೆ ಹೋಗೋಣ. ನಮ್ಮ ಅವ್ವಂದಿರ ಟ್ರಂಕುಗಳಲ್ಲಿ ಒಂಟಿಯಾಗಿ ಬಿದ್ದ ಚೀಟಿಗಳು ಒಂದು ಕಡೆ ಸೇರಲಿ. ಒಂದು ಚೀಟಿಗೆ ಅವರು ಹೆದರುವುದಿಲ್ಲ. ಸಾವಿರ ಚೀಟಿಗೆ ಉತ್ತರ ಕೊಡಲೇಬೇಕು.

ಅಕ್ಕನ ಮಗ ಇದ್ದಿದ್ದರೆ ಇವತ್ತು ನಿಮ್ಮ ಜೊತೆ ಯಾವುದೋ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದ. ಅವನ ಪಾಳಿಯೂ ನಿಮ್ಮ ಮೇಲಿದೆ.

ಜೈಭೀಮ್.