ಕಿವಿ ಮೊಮ್ಮಗಳದು, ಹೆಸರು ತಾತನದು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ತಂದೆಯೂ ಮಗಳೂ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಇಬ್ಬರ ತೊಡೆಯ ಮೇಲೂ ಒಂದೊಂದು ರಟ್ಟು, ಅದರ ಮೇಲೊಂದು ಬಿಳಿ ಹಾಳೆ, ಹಾಳೆಯ ನಡುವೆ ಒಂದು ಗುರುತು. ಆ ಗುರುತೇ ‘ನಾನು’. ಹತ್ತು ನಿಮಿಷ ಮಾತಾಡುವ ಹಾಗಿಲ್ಲ. ಸದ್ದು ಯಾವ ದಿಕ್ಕಿನಿಂದ ಬಂತೋ ಆ ದಿಕ್ಕಿನಲ್ಲಿ, ಎಷ್ಟು ದೂರದಿಂದ ಬಂತೋ ಅಷ್ಟು ದೂರದಲ್ಲಿ, ಹಾಳೆಯ ಮೇಲೊಂದು ಚಿಹ್ನೆ ಹಾಕಬೇಕು. ಗಾಳಿಗೆ ಎರಡು ಅಲೆಗೆರೆ, ಹಕ್ಕಿಗೊಂದು ಕೊಕ್ಕು ಬರೆದರೆ ಸಾಕು.

ಇಂಥ ಆಟಗಳನ್ನು ಜನಪ್ರಿಯಗೊಳಿಸಿದವರು ಕ್ಯಾಲಿಫೋರ್ನಿಯಾದ ಪ್ರಕೃತಿ ಶಿಕ್ಷಕ ಜೋಸೆಫ್ ಕಾರ್ನೆಲ್. ಮಕ್ಕಳೊಡನೆ ನಿಸರ್ಗವನ್ನು ಹಂಚಿಕೊಳ್ಳುವುದು ಹೇಗೆಂಬ ಅವರ ಪುಸ್ತಕ 1979ರಲ್ಲಿ ಬಂದು, ಮುಂದೆ ಹಲವು ಭಾಷೆಗಳಿಗೆ ಹೋಯಿತು. ಕಲಿಸುವ ಆತುರಕ್ಕಿಂತ ಹಂಚಿಕೊಳ್ಳುವ ಮನಸ್ಸು ದೊಡ್ಡದು ಎಂಬುದು ಅವರ ನಿಲುವು. ಹಂಚಿಕೊಳ್ಳುವುದೆಂದರೇನು ಎಂಬುದು ನನಗೆ ತಿಳಿದದ್ದು ಅಂದು, ಆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ.

ಮಗಳ ಹಾಳೆಯ ತುಂಬ ಚಿಹ್ನೆಗಳು. ತಲೆಯ ಮೇಲಿನ ಕೊಂಬೆಯ ಕಡೆಗೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆ ಇಟ್ಟಿದ್ದಳು. ಅದು ಸೂರಕ್ಕಿಯ ಎಳೆ ದನಿ. ತಂದೆಯವರ ಹಾಳೆಯಲ್ಲಿ ಆ ಜಾಗ ಖಾಲಿ. ‘ತಾತ, ಇಷ್ಟು ಹತ್ರ ಕೂಗ್ತಿದೆ, ನಿಂಗೆ ಕೇಳಿಸ್ಲೇ ಇಲ್ವಾ?’ ಎಂದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಆದರೆ ಕೆರೆಯಂಚಿನ ಪೊದೆಯ ಕಡೆಗೆ ಅವರು ದೊಡ್ಡದೊಂದು ವೃತ್ತ ಬರೆದಿದ್ದರು. ಅದೇ ಜಾಗದಲ್ಲಿ ಮಗಳು ಹಾಕಿದ್ದು ಪ್ರಶ್ನಾರ್ಥಕ ಚಿಹ್ನೆ. ‘ಅದು ಕೆಂಬೂತ ಕಣಮ್ಮ. ನಮ್ಮೂರಲ್ಲಿ ರತ್ನಪಕ್ಷಿ ಅಂತಿದ್ವಿ. ಬೆಳಿಗ್ಗೆ ಎದ್ದು ಅದನ್ನ ನೋಡಿದ್ರೆ ಆ ದಿನ ಒಳ್ಳೇದಾಗತ್ತೆ ಅಂತ ನಮ್ಮಮ್ಮ ಹೇಳೋರು.’

ತಾತನಿಗೆ ಸೂರಕ್ಕಿ ಕೇಳಿಸದೆ ಕೆಂಬೂತ ಮಾತ್ರ ಕೇಳಿಸಿದ್ದಕ್ಕೆ ಕಾರಣ ನಮ್ಮ ಕಿವಿಯೊಳಗೇ ಇದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಭಾಗವೊಂದಿದೆ. ಅದರ ಬಾಯಿಯ ಬಳಿಯ ಕೂದಲುಕೋಶಗಳು ಕೀಚಲು ದನಿಗಳನ್ನು ಹಿಡಿದರೆ, ಸುರುಳಿಯ ತುದಿಯಲ್ಲಿರುವವು ಗಡುಸು ದನಿಗಳನ್ನು ಹಿಡಿಯುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಬಾಯಿಯ ಬಳಿಯವೇ, ಸವೆದವು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಹಿರಿಯರ ಲೋಕದಿಂದ ಜೀರುಂಡೆಯೂ ಸೂರಕ್ಕಿಯೂ ಸದ್ದಿಲ್ಲದೆ ಎದ್ದು ಹೋಗುತ್ತವೆ. ಕೆಂಬೂತದ ಆಳದ ಕೂಗು ಉಳಿಯುತ್ತದೆ. ಮಗುವಿಗಾದರೋ ಎಲ್ಲವೂ ಕೇಳುತ್ತದೆ, ಕೇಳಿದ್ದಕ್ಕೆ ಹೆಸರಿಲ್ಲ. ಒಬ್ಬರ ಬಳಿ ಕಿವಿಯಿದೆ, ಇನ್ನೊಬ್ಬರ ಬಳಿ ಹೆಸರಿದೆ. ಎರಡೂ ಹಾಳೆಗಳು ಸೇರಿದರೆ ಮಾತ್ರ ಆ ಬೆಳಗಿನ ಕೆರೆ ಪೂರ್ತಿಯಾಗುತ್ತದೆ.

ಕಾರ್ನೆಲ್ ಅವರ ಇನ್ನೊಂದು ಆಟ ಮರದ ಪರಿಚಯ. ಒಬ್ಬರು ಕಣ್ಣು ಮುಚ್ಚಿಕೊಳ್ಳಬೇಕು, ಮತ್ತೊಬ್ಬರು ಅವರನ್ನು ಸುತ್ತುಬಳಸಿನ ದಾರಿಯಲ್ಲಿ ಒಂದು ಮರದ ಬಳಿಗೆ ಒಯ್ಯಬೇಕು. ತೊಗಟೆ ಸವರಿ, ಮೂಸಿ ನೋಡಿ, ತಬ್ಬಿ ದಪ್ಪವನ್ನು ಅಳೆದು ಬಂದ ಮೇಲೆ ಕಣ್ಣು ತೆರೆದು, ಆ ಮರ ಯಾವುದೆಂದು ಹುಡುಕಬೇಕು. ಅಂದು ಮಗಳು ತಾತನ ಕೈ ಹಿಡಿದು ಸಮನಾದ ನೆಲದ ಮೇಲೆ ನಡೆಸಿದಳು. ಅವರನ್ನು ನಾವೂ ದಿನಾ ಕೈ ಹಿಡಿದು ನಡೆಸುತ್ತೇವೆ. ನಮ್ಮ ಹಿಡಿತದಲ್ಲಿ ಎಲ್ಲಿ ಬೀಳುತ್ತಾರೋ ಎಂಬ ಆತಂಕವಿರುತ್ತದೆ. ಅವಳ ಹಿಡಿತದಲ್ಲಿ ಗುಟ್ಟೊಂದನ್ನು ತೋರಿಸಲು ಹೊರಟ ಸಂಭ್ರಮವಿತ್ತು. ತಂದೆಯವರ ಹೆಜ್ಜೆಗೆ ಆ ವ್ಯತ್ಯಾಸ ಗೊತ್ತಾಯಿತು. ಕಣ್ಣು ತೆರೆದು ಅವರು ನೇರವಾಗಿ ಹುಣಸೆ ಮರದತ್ತ ನಡೆದರು. ‘ಬಿರುಕು ಮುಟ್ಟಿದ ಕೂಡಲೇ ಗೊತ್ತಾಯ್ತು, ನಮ್ಮ ಹಿತ್ತಿಲ ಮರಾನೂ ಹೀಗೇ ಇತ್ತು’ ಎಂದರು. ಆ ಹಿತ್ತಿಲಿನ ಸುದ್ದಿಯನ್ನು ನಾನೂ ಅಂದೇ ಮೊದಲು ಕೇಳಿದ್ದು.

ಹೊರಗಿನ ಆಟಗಳನ್ನೇ ತರಬೇಕೆಂದಿಲ್ಲ. ಮೇ ತಿಂಗಳಲ್ಲಿ ಗುಲ್‌ಮೊಹರ್ ಮರದಡಿ ಕುಳಿತು ‘ಕೋಳಿ ಜಗಳ’ ಆಡದವರು ನಮ್ಮಲ್ಲಿ ಯಾರಿದ್ದಾರೆ? ಮೊಗ್ಗು ಬಿಡಿಸಿ, ಕೇಸರದ ತಲೆಗೆ ತಲೆ ಸಿಕ್ಕಿಸಿ ಎಳೆದರೆ, ತಲೆ ಕಳಚಿದವರು ಸೋತಂತೆ. ಈ ಮರ ಮಡಗಾಸ್ಕರ್‌ನಿಂದ ಬಂದದ್ದು. ಅದನ್ನು ನಮ್ಮದಾಗಿಸಿದ್ದರಲ್ಲಿ ಮಕ್ಕಳ ಈ ಆಟಕ್ಕೂ ಪಾಲಿದೆ. ಗಜ್ಜುಗವನ್ನು ಕಲ್ಲಿಗೆ ಉಜ್ಜಿ ಗೆಳೆಯನ ತೋಳಿಗೆ ಚುರುಕು ಮುಟ್ಟಿಸಿದ್ದು, ತೆಂಗಿನ ಗರಿಯಲ್ಲಿ ಪೀಪಿ ಸುತ್ತಿದ್ದು, ಗುಲಗಂಜಿ ಆಯ್ದದ್ದು ಎಲ್ಲವೂ ಹಿರಿಯರ ಬೆರಳುಗಳಿಗೆ ಇನ್ನೂ ನೆನಪಿದೆ. ಗುಲಗಂಜಿ ಹಿಂದೆ ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಬೀಜ, ಆದರೆ ಅಗಿದರೆ ವಿಷ, ಬಾಯಿಗೆ ಹಾಕಬಾರದು ಎಂಬ ಎಚ್ಚರವೂ ಆ ಆಟದೊಳಗೇ ಇತ್ತು.

‘ನಿಮ್ಮ ಕಾಲದ ಗಿಡಮರಗಳ ಬಗ್ಗೆ ಹೇಳಿ’ ಎಂದರೆ ಹಿರಿಯರು ತಡವರಿಸುತ್ತಾರೆ. ಕೈಗೊಂದು ಗರಿ ಕೊಟ್ಟು ನೋಡಿ, ಬೆರಳು ತಾನಾಗಿ ಮಡಿಸತೊಡಗುತ್ತದೆ, ಅದರ ಹಿಂದೆಯೇ ಮಾತು ಬರುತ್ತದೆ. ಉಪದೇಶಕ್ಕೆ ಮುಖ ತಿರುಗಿಸುವ ಮಗು ಆ ಗರಿಗಾಗಿ ಹತ್ತಿರ ಸರಿಯುತ್ತದೆ. ನಡುವಯಸ್ಸಿನ ನಮಗೆ ತಲುಪಬೇಕಾದ ಜಾಗಗಳಿವೆ. ದಾರಿಯಲ್ಲೊಂದು ಇರುವೆ ಸಾಲು ಕಂಡರೆ ನಿಲ್ಲಲು ಪುರುಸೊತ್ತಿರುವುದು ಅವರಿಬ್ಬರಿಗೇ. ನಾವು ಮಾಡಬೇಕಾದದ್ದು ಇಷ್ಟೆ: ವಾರಕ್ಕೊಂದು ಬೆಳಿಗ್ಗೆ ಇಬ್ಬರನ್ನೂ ಒಂದು ಮರದ ನೆರಳಿಗೆ ಕರೆದೊಯ್ದು, ಹಾಳೆ ಪೆನ್ಸಿಲು ಕೊಟ್ಟು, ಗಡಿಯಾರ ನೋಡದೆ ಕಾಯುವುದು. ಹೆಸರು ಬಲ್ಲವರು ನಮ್ಮ ಮನೆಗಳಲ್ಲಿ ಇರುವಾಗಲೇ ಇದನ್ನು ಮಾಡಬೇಕು.

ಅಂದು ಹೊರಡುವ ಮುನ್ನ ಸೂರಕ್ಕಿ ಮತ್ತೆ ಕೊಂಬೆಗೆ ಬಂತು. ಮಗಳು ತಾತನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಕ್ಕಿ ಉಲಿದಾಗಲೆಲ್ಲ ಬೆರಳ ತುದಿಯಿಂದ ಒಂದೊಂದು ಸಲ ತಟ್ಟತೊಡಗಿದಳು. ತಂದೆಯವರು ಕಣ್ಣು ಮುಚ್ಚಿ, ಅಂಗೈಯಲ್ಲೇ ಆ ಹಾಡನ್ನು ಕೊನೆಯವರೆಗೂ ಕೇಳಿದರು.