ನೀರಿನ ಸಾಲಕ್ಕೆ ಹೊಳೆಯೇ ಆಧಾರ

ಪೇಟೆಯ ಕುಡಿಯುವ ನೀರಿಗೆ ನಗರಸಭೆ ಸಾಲ ಎತ್ತಿದರೆ ತೋಟದವರಿಗೇನು ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಕೇಳುವುದುಂಟು. ನಮಗೂ ಅದಕ್ಕೂ ನೇರ ಸಂಬಂಧವಿದೆ ಎಂಬುದು ನಮ್ಮ ಅಭಿಪ್ರಾಯ.

ಘಟ್ಟದಿಂದಿಳಿದು ಸುಬ್ರಹ್ಮಣ್ಯವನ್ನು ದಾಟಿ, ಕಡಬ ಸೀಮೆಯ ತೋಟಗಳ ನಡುವೆ ಹರಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅದಕ್ಕೂ ಮೊದಲು ನೆಕ್ಕಿಲಾಡಿಯಲ್ಲಿ ಅದರ ನೀರನ್ನೆತ್ತಿ ಪುತ್ತೂರಿಗೆ ಒದಗಿಸಲಾಗುತ್ತದೆ. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಕರಾವಳಿ ಭಾಗದ ಹತ್ತು ಊರುಗಳ ಯೋಜನೆಗೆ ಸಾಲ ಮಂಜೂರು ಮಾಡಿದಾಗ ಅವುಗಳಲ್ಲಿ ಪುತ್ತೂರೂ ಒಂದಾಗಿತ್ತು. ನಂತರದ ಜಲಸಿರಿ ಯೋಜನೆಗೂ ಅದೇ ಬ್ಯಾಂಕಿನ ನೆರವು.

ಸಾಲವನ್ನು ನಾವು ವಿರೋಧಿಸುವುದಿಲ್ಲ. ಮೂವತ್ತು ವರ್ಷ ಬಾಳುವ ಪೈಪು, ಟ್ಯಾಂಕಿಗಳ ಖರ್ಚನ್ನು ಒಂದೆರಡು ವರ್ಷದ ಮನೆತೆರಿಗೆಯಿಂದ ಭರಿಸುವುದು ಆಗದ ಮಾತು. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ನಮಗೆ ದೀರ್ಘಾವಧಿ ಸಾಲದ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಸಾಲ ಕೊಳವೆಗೆ ಸಿಕ್ಕಿದ ಮಾತ್ರಕ್ಕೆ ನೀರು ಸಿಕ್ಕಿದಂತಾಗುವುದಿಲ್ಲ.

ಬೆಂಗಳೂರಿನ ಉದಾಹರಣೆ ನೋಡಬಹುದು. ನಗರದ ಸುತ್ತಲಿನ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ಕೂಡಿ, 2005ರಲ್ಲಿ ಒಂದು ಸಂಯುಕ್ತ ನಿಧಿಯ ಮೂಲಕ 15 ವರ್ಷ ಅವಧಿಯ 100 ಕೋಟಿ ರೂಪಾಯಿಗಳ ಸಾಲಪತ್ರ ಹೊರಡಿಸಿದವು. ಮನೆಯವರಿಂದಲೂ ವಂತಿಗೆ ಪಡೆಯಲಾಯಿತು. ಸಣ್ಣವರು ಒಟ್ಟಾಗಿ ದೊಡ್ಡ ಸಾಲ ಪಡೆಯುವ ಈ ಕ್ರಮ ಸಹಕಾರಿಗಳಾದ ನಮಗೆ ಮೆಚ್ಚುಗೆಯಾಗತಕ್ಕದ್ದೇ. ಆದರೆ 2007ರಲ್ಲಿ ಆ ಎಂಟೂ ಸಂಸ್ಥೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು. ಅವರು ನಿರೀಕ್ಷಿಸಿದ್ದ ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟದ ನೀರು ಹರಿದದ್ದು 2012ರಲ್ಲಿ. ಸಾಲ ಮಾಡಿದ ಸಂಸ್ಥೆಗಳೇ ಅಷ್ಟರಲ್ಲಿ ಇರಲಿಲ್ಲ. ಹಣ ಕೊಟ್ಟ ಮನೆಯವರು ನೀರಿಗಾಗಿ ವರ್ಷಗಟ್ಟಲೆ ಕಾದರು.

ನಮ್ಮ ಸಂಘಕ್ಕೆ ನೀರಾವರಿ ಸಾಲದ ಅರ್ಜಿ ಬಂದರೆ ಎರಡು ಪ್ರಶ್ನೆ ಕೇಳುತ್ತೇವೆ: ನೀರು ಎಲ್ಲಿಂದ? ಕಂತು ಯಾವ ಉತ್ಪತ್ತಿಯಿಂದ? ನಗರಸಭೆಯ ಸಾಲಕ್ಕೂ ಇವೇ ಪ್ರಶ್ನೆಗಳು ಸಲ್ಲಬೇಕು. 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಸರದಿಯಂತೆ ನೀರು ಬಿಡಬೇಕಾಯಿತು. ನಳ್ಳಿಯಲ್ಲಿ ನೀರಿಲ್ಲದಿದ್ದರೆ ಬಿಲ್ಲು ವಸೂಲಾಗದು, ಬಿಲ್ಲು ವಸೂಲಾಗದಿದ್ದರೆ ಕಂತು ನಿಲ್ಲುತ್ತದೆ. ಆಗ ಎಲ್ಲರ ಕಣ್ಣು ಹೊಳೆಬದಿಯ ನಮ್ಮ ಪಂಪುಗಳ ಮೇಲೆ ಬೀಳುತ್ತದೆ. ಕುಡಿಯುವ ನೀರಿಗೆ ಮೊದಲ ಹಕ್ಕು ಎಂಬುದನ್ನು ನಾವು ಒಪ್ಪುತ್ತೇವೆ. ಹೊರೆಯೆಲ್ಲ ತೋಟಗಳ ಮೇಲೆಯೇ ಬೀಳುವುದನ್ನು ಒಪ್ಪಲಾರೆವು.

ಆದುದರಿಂದ ಇನ್ನು ಮುಂದೆ ಎತ್ತುವ ಪ್ರತಿ ಸಾಲದ ಅಂದಾಜುಪಟ್ಟಿಯಲ್ಲಿ ಏಪ್ರಿಲ್-ಮೇ ತಿಂಗಳ ಹರಿವಿನ ಲೆಕ್ಕವಿರಬೇಕು. ಸಾಲದ ಒಂದಂಶವನ್ನು ಮೇಲ್ಭಾಗದ ತೋಡುಗಳ ಕಟ್ಟಗಳಿಗೂ ಹೂಳು ತುಂಬಿದ ಮದಕಗಳಿಗೂ ಮೀಸಲಿಡಬೇಕು. ನಮ್ಮ ಪಾಲೂ ಇದೆ: ಮಳೆಗಾಲ ಕಳೆದೊಡನೆ ನೆರೆಕರೆಯವರು ಕೂಡಿ ಕಟ್ಟ ಹಾಕುವುದು, ಸ್ಪ್ರಿಂಕ್ಲರಿನ ಬದಲು ಹನಿ ನೀರಾವರಿಗೆ ಹೊರಳುವುದು.

ಬೆಟ್ಟಂಪಾಡಿಯ ನಮ್ಮವರ ಮಕ್ಕಳು ಪುತ್ತೂರಿನಲ್ಲಿ ಓದುತ್ತಾರೆ, ಮನೆ ಮಾಡಿಕೊಂಡವರೂ ಇದ್ದಾರೆ. ಪೇಟೆಯ ನಳ್ಳಿಯೂ ನಮ್ಮದೇ, ಹೊಳೆಬದಿಯ ತೋಟವೂ ನಮ್ಮವರದೇ. ಸದಸ್ಯರು ಮುಂದಿನ ಮಹಾಸಭೆಗೆ ಮೊದಲು ಈ ಬಗ್ಗೆ ತಮ್ಮ ಅಭಿಪ್ರಾಯಗಳನ್ನು ಬರೆದು ತಿಳಿಸಬೇಕಾಗಿ ವಿನಂತಿ. ಠರಾವು ಮಾಡಿ ನಗರಸಭೆಗೆ ಕಳುಹಿಸೋಣ.