ಕರಿ ಜೊತೆ ಜಿನ್‌ಫಂಡೆಲ್ ಅಂದವರು ಯಾರ್ರೀ?

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದೀನಿ.

ಕ್ಯಾಲಿಫೋರ್ನಿಯಾದಲ್ಲಿ ವೈನ್ ಬಗ್ಗೆ ಬುದ್ಧಿ ಹೇಳೋರೆಲ್ಲ ಒಂದು ಮಾತು ಕಲಿತಿದ್ದಾರೆ: ಕೆಂಪು ಜಿನ್‌ಫಂಡೆಲ್ ಬಾರ್ಬೆಕ್ಯೂಗೆ ಸೈ, ಪಿಜ್ಜಾಗೆ ಸೈ, ಖಾರದ ‘ಇಂಡಿಯನ್ ಕರಿ’ಗೂ ಸೈ. ಯಾವ ಕರಿ ಸ್ವಾಮಿ? ಬಸ್ಸಾರೋ, ಸಾಗುವೋ, ಮೀನು ಗಸಿಯೋ? ಅದನ್ನ ನಂಬಿ ಕಳೆದ ತಿಂಗಳು ಕೋಳಿ ಸಾರಿನ ಜೊತೆಗೆ ಲೋಡೈ ಕಡೆಯ ಒಂದು ಬಾಟಲಿ ತೆಗೆದೆ. ಊರಿಂದ ಬಂದಿದ್ದ ಭಾವ ಎರಡು ಗುಟುಕು ಕುಡಿದು ನೀರಿನ ಲೋಟಕ್ಕೆ ಕೈ ಹಾಕಿದರು. “ಸಾರು ಸ್ವಲ್ಪ ಖಾರ ಆಯ್ತು ಕಣಮ್ಮ” ಅಂದರು. ಇಪ್ಪತ್ತು ವರ್ಷದಿಂದ ಅದೇ ಸಾರು ತಿಂದವರು!

ತಪ್ಪು ಸಾರಿನದಲ್ಲ. ಜಿನ್‌ಫಂಡೆಲ್ ಗೊಂಚಲು ಒಟ್ಟಿಗೆ ಹಣ್ಣಾಗೋದಿಲ್ಲ. ಒಂದು ಕಡೆ ಹಸಿರು ಕಾಯಿ, ಇನ್ನೊಂದು ಕಡೆ ಆಗಲೇ ಒಣದ್ರಾಕ್ಷಿ. ಕಾಯಿ ಮಾಗಲಿ ಅಂತ ಕಾದರೆ ಸಕ್ಕರೆ ಏರುತ್ತೆ, ಅದರ ಹಿಂದೆ ಆಲ್ಕೋಹಾಲೂ ಏರುತ್ತೆ. 15 ಶೇಕಡಾ ಮಾಮೂಲು. ಅಮೆರಿಕದ ಕಾನೂನಿನಲ್ಲಿ 14 ದಾಟಿದ ವೈನಿನ ಲೇಬಲ್ಲು ಒಂದು ಶೇಕಡಾ ಆಚೀಚೆ ಇರಬಹುದು. (ಕುಡಿದು ಕಾರು ಓಡಿಸೋ ಮಹಾನುಭಾವರೇ, ಕೇಳಿಸ್ತಾ?) ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಯಾವ ನರವನ್ನ ಕೆಣಕುತ್ತೋ, ಆಲ್ಕೋಹಾಲೂ ಅದನ್ನೇ ಕೆಣಕುತ್ತೆ. ಉರಿಗೆ ಉರಿ ಸೇರಿಸಿ ‘ಜೋಡಿ’ ಅಂತಾರಲ್ಲ!

ಇನ್ನು ಇವರ ವರ್ಣನೆ. ಬ್ಲ್ಯಾಕ್‌ಬೆರಿ ಜ್ಯಾಮ್, ಬಾಯ್ಸನ್‌ಬೆರಿ... ನಾನು ಬೆಳೆದ ಊರಲ್ಲಿ ಇವನ್ನ ಕಂಡವರಿಲ್ಲ. ಲೋಟಕ್ಕೆ ಮೂಗಿಟ್ಟರೆ ನನಗೆ ಬರೋದು ಕಳಿತ ನೇರಳೆ, ಒಣದ್ರಾಕ್ಷಿ, ಆಮೇಲೆ ಕುಟ್ಟಿದ ಕರಿಮೆಣಸು. ಹಾಗೇ ಹೇಳಿದರೆ ವೈನು ಕೋಪ ಮಾಡ್ಕೊಳ್ಳುತ್ತಾ? ಈ ದ್ರಾಕ್ಷಿಯನ್ನೇ ‘ನಮ್ಮದು’ ಅಂತ ಎದೆ ಬಡ್ಕೊಂಡಿದ್ದ ಅಮೆರಿಕನ್ನರಿಗೆ 2001ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿದ್ದೇನು ಗೊತ್ತಾ? ಕ್ರೊಯೇಷಿಯಾದ ಕಡಲ ತೀರದ ಹಳೇ ಬಳ್ಳಿ ಅದು. ಇಟಲಿಯ ಪ್ರಿಮಿಟಿವೋ ಕೂಡ ಅದೇ.

ಹಾಗಂತ ನಾನು ಜಿನ್‌ಫಂಡೆಲ್ ದ್ವೇಷಿಯಲ್ಲ, ನನಗೆ ಬಲು ಇಷ್ಟ :) ಅದಕ್ಕೆ ಬೇಕಾದದ್ದು ಕೊಬ್ಬು, ಹೊಗೆ, ಹುಳಿ. ಮೆಣಸು ಹದವಾಗಿ ಹಾಕಿ, ಕಾಚಂಪುಳಿ ಬಿಟ್ಟು ಕಪ್ಪಗೆ ಕುದಿಸಿದ ಕೊಡಗಿನ ಪಂದಿಕರಿ ಜೊತೆ ಕುಡಿದು ನೋಡಿ. ಹಂದಿ ತಿನ್ನದವರು ಕೆಂಡದಲ್ಲಿ ಸುಟ್ಟ ಬದನೆಕಾಯಿಗೆ ಹುಣಸೆ, ಬೆಲ್ಲ, ಶೇಂಗಾ ಹಾಕಿ. ಹಸಿಮೆಣಸಿನಕಾಯಿ ಒಂದೇ ಸಾಕು. ಮತ್ತೆ ‘ರೂಮ್ ಟೆಂಪರೇಚರ್’ ಅನ್ನೋದು ಬೆಂಗಳೂರಿನ ಏಪ್ರಿಲ್ ಅಲ್ಲ ಮಾರಾಯ್ರೆ! ಇಪ್ಪತ್ತು ನಿಮಿಷ ಫ್ರಿಜ್ಜಲ್ಲಿಡಿ, 16-18 ಡಿಗ್ರಿಗೆ ಬಂದರೆ ಮೂಗು ಸುಡೋದು ತಪ್ಪುತ್ತೆ.

ಭಾವ ದೀಪಾವಳಿಗೆ ಮತ್ತೆ ಬರ್ತಾರೆ. ಕೋಳಿ ಸಾರು ಅದೇ ಖಾರದಲ್ಲೇ ಇರುತ್ತೆ, ಪಕ್ಕದಲ್ಲಿ ಮಜ್ಜಿಗೆ.